ಪರಿಶುದ್ಧವೋ, ಮೀಸಲೋ?
(ಬೈಬಲ್ಲಿನ ಒಂದು ಶಬ್ದವನ್ನು ಕುರಿತ ವಿಚಾರ)

ಒಂದು ಭಾಷೆಯ ಧರ್ಮಗ್ರಂಥವನ್ನು ಮತ್ತೊಂದು ಭಾಷೆಗೆ ತರುವವರಿಗೆ ಕುದುರೆ, ಹೊಳೆ, ಗುಡ್ಡ ಎಂಬಂಥ ಶಬ್ದಗಳು ತೊಂದರೆ ಕೊಡುವದಿಲ್ಲ. ಎರಡೂ ನಾಡುಗಳಲ್ಲಿ ಕುದುರೆ ಇದ್ದರೆ ಸಾಕು, ಕೆಲಸ ಮುಗಿಯಿತು. ತೊಂದರೆಯಿರುವದು ಕಣ್ಣಿಗೆ ಕಾಣದ, ಆದರೆ ಜನರ ನಡೆನುಡಿಯನ್ನೆಲ್ಲ ಆಳುವ ಶಬ್ದಗಳಲ್ಲಿ. ಅಂಥ ಶಬ್ದವನ್ನು ಬೇರಿನ ಮಣ್ಣು ಸಹಿತ ಕಿತ್ತು ತರಲು ಬರುವದಿಲ್ಲ. ಹೊಸ ನೆಲದಲ್ಲಿ ಊರಿದ ಮೇಲೆ ಅದು ಆ ನೆಲದ ನೀರನ್ನೇ ಕುಡಿಯುತ್ತದೆ. ಕೆಲವು ವರ್ಷಗಳಲ್ಲಿ ಅದರ ಹಣ್ಣಿನ ರುಚಿಯೂ ಬೇರೆಯಾಗುತ್ತದೆ.

ಇಂಥದೊಂದು ಶಬ್ದವನ್ನು ಕುರಿತು ಈ ಲೇಖನದಲ್ಲಿ ವಿಚಾರ ಮಾಡಬೇಕೆಂದಿದ್ದೇನೆ. ಯಹೂದ್ಯರ ಮತ್ತು ಕ್ರೈಸ್ತರ ಗ್ರಂಥಗಳಲ್ಲಿ ಹೆಜ್ಜೆಹೆಜ್ಜೆಗೂ ಬರುವ ಶಬ್ದವದು. ಹೀಬ್ರೂ ಭಾಷೆಯಲ್ಲಿ ‘ಕಾದೋಶ್’, ಗ್ರೀಕ ಭಾಷೆಯಲ್ಲಿ ‘ಹಗಿಯೊಸ್’, ಇಂಗ್ಲೀಷಿನಲ್ಲಿ ‘ಹೋಲಿ’. ಕನ್ನಡ ಸತ್ಯವೇದದಲ್ಲಿ ಇದು ಹೆಚ್ಚಾಗಿ ‘ಪರಿಶುದ್ಧ’ ಎಂದೂ, ದೇವರ ಆತ್ಮವನ್ನು ಹೇಳುವಾಗ ‘ಪವಿತ್ರ’ ಎಂದೂ ಆಗಿದೆ. ನಾನು ಆ ಮತಕ್ಕೆ ಸೇರಿದ ವ್ಯಕ್ತಿಯಲ್ಲ. ಕನ್ನಡವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವದರಿಂದ, ಕಿಟೆಲ್ ಸಾಹೇಬರ ನಿಘಂಟನ್ನು (1894) ಆಗಾಗ ತೆರೆಯಬೇಕಾಗಿ ಬಂದು, ಆ ನಿಘಂಟಿನ ಹಿಂದಿದ್ದ ಜನರು ಏನು ಮಾಡಹೊರಟಿದ್ದರು ಎಂಬ ಕುತೂಹಲದಿಂದ ಈ ದಾರಿ ಹಿಡಿದೆ.

ಮೊದಲು ಇತಿಹಾಸವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಅನುವಾದಕ್ಕೆ ಕೈ ಹಚ್ಚಿದರು. ಅವರ ಜೊತೆಗಾರರಾದ ವಿಲಿಯಂ ರೀವ್ ನಿಘಂಟುಗಳನ್ನು ಮಾಡಿದವರು. 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೂ, 1837ರಲ್ಲಿ ನಮ್ಮ ಧಾರವಾಡಕ್ಕೂ, 1839ರಲ್ಲಿ ಹುಬ್ಬಳ್ಳಿಗೂ ಬಂದರು. ಅವರಲ್ಲಿ ವೈಗ್ಲೆ ಎಂಬ ವಿದ್ವಾಂಸರು ಹಳೆಯ ಅನುವಾದವನ್ನು ತಿದ್ದುವ ಕೆಲಸದಲ್ಲಿ ತೊಡಗಿದ್ದರು. ಈ ಜನರು ಬಹುಪಾಲು ಜರ್ಮನ್ ಭಾಷೆಯವರು. ಅವರ ತಾಯ್ನುಡಿಯಲ್ಲಿ ಈ ಶಬ್ದವು ‘ಹೈಲಿಗ್’. ಅದೂ ಇಂಗ್ಲೀಷಿನ ‘ಹೋಲಿ’ಯೂ ಒಂದೇ ಬೇರಿನವು, ಆ ಬೇರಿನ ಅರ್ಥ ‘ಇಡಿಯಾದದ್ದು, ಊನವಿಲ್ಲದ್ದು’. ಅಂದರೆ ಹೀಬ್ರೂದಿಂದ ಕನ್ನಡಕ್ಕೆ ಬರುವಾಗ ಈ ಶಬ್ದವು ಅನುವಾದಕರ ಮನಸ್ಸಿನಲ್ಲಿ ಇನ್ನೊಂದು ಮನೆಯನ್ನು ಹಾಯ್ದೇ ಬಂದಿತು.

ಈಗ ಹೀಬ್ರೂ ಶಬ್ದವನ್ನು ನೋಡೋಣ. ಆ ಭಾಷೆಯಲ್ಲಿ ಹೆಚ್ಚಿನ ಶಬ್ದಗಳಿಗೆ ಮೂರು ವ್ಯಂಜನಗಳ ಬೇರು ಇರುತ್ತದೆ. ಇಲ್ಲಿಯ ಬೇರು ಕ-ದ-ಶ. ‘ಕಾದೋಶ್’ ಎಂದರೆ ಈ ಗುಣವುಳ್ಳದ್ದು, ‘ಕೋದೆಶ್’ ಎಂದರೆ ಆ ಗುಣ ಅಥವಾ ಆ ವಸ್ತು, ‘ಮಿಕ್ದಾಶ್’ ಎಂದರೆ ದೇವಾಲಯ. ಅರಬ್ಬಿಯಲ್ಲಿಯೂ ಇದೇ ಬೇರು ಇದೆ. ಯೆರೂಸಲೇಮ್ ಪಟ್ಟಣಕ್ಕೆ ಅರಬರು ‘ಅಲ್ ಕುದ್ಸ್’ ಎನ್ನುತ್ತಾರೆ. ಸವಣೂರು, ಹಾನಗಲ್ಲಗಳಲ್ಲಿ ಉರ್ದು ಮಾತಾಡುವ ನಮ್ಮ ನೆರೆಯವರು ಅದೇ ಊರನ್ನು ‘ಬೈತುಲ್ ಮುಕದ್ದಸ್’ ಎಂದು ಕರೆಯುವದುಂಟು. ಮೋಶೆಯ ಕಾಲದ ಶಬ್ದವೊಂದು ಸವಣೂರಿನ ಸಂತೆಯಲ್ಲಿ ಇಂದೂ ಕಿವಿಗೆ ಬೀಳಬಹುದಾಗಿದೆ ಎಂಬದು ನನಗೆ ಬಹಳ ಸೋಜಿಗವೆನಿಸಿತು.

ಈ ಬೇರಿನ ಮೂಲಾರ್ಥ ‘ಬೇರೆಯಾಗಿ ಇಟ್ಟದ್ದು’ ಎಂದು ಅನೇಕ ಪಂಡಿತರು ಹೇಳಿದ್ದಾರೆ. ಬರಿಯ ಬೇರ್ಪಡಿಕೆಯಲ್ಲ, ‘ದೇವರಿಗೆ ಸೇರಿದ್ದು’ ಎಂಬದೇ ಮುಖ್ಯವೆಂದು ಬೇರೆ ಕೆಲವರ ಅಭಿಪ್ರಾಯ. ನನಗೆ ಈ ಎರಡೂ ಒಂದೇ ಕ್ರಿಯೆಯ ಎರಡು ಮಗ್ಗಲುಗಳೆಂದು ತೋರುತ್ತದೆ: ಒಬ್ಬರಿಗೆಂದು ಇಟ್ಟರೆ ಉಳಿದವರಿಂದ ಬೇರೆಯಾಯಿತು. ಬೈಬಲ್ಲಿನಲ್ಲಿ ಮೊಟ್ಟಮೊದಲು ಈ ಗುಣ ಪಡೆಯುವದು ಮನುಷ್ಯನಲ್ಲ, ಗುಡಿಯಲ್ಲ, ಬೆಟ್ಟವಲ್ಲ, ಒಂದು ದಿನ. ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ದೇವರು ಏಳನೆಯ ದಿನವನ್ನು ಹಾಗೆ ಮಾಡುತ್ತಾನೆ. ಅಬ್ರಹಾಮ್ ಹೆಶೆಲ್ ಎಂಬ ಯಹೂದಿ ಚಿಂತಕರು ಸಬ್ಬತ್ತಿನ ಮೇಲೆ 1951ರಲ್ಲಿ ಬರೆದ ಪುಸ್ತಕದಲ್ಲಿ ಈ ಸಂಗತಿಯನ್ನು ಒತ್ತಿ ಹೇಳಿದ್ದಾರೆ. ದಿನವನ್ನು ತೊಳೆಯಲು ಬರುವದಿಲ್ಲ. ಶನಿವಾರವು ಶುಕ್ರವಾರಕ್ಕಿಂತ ಸ್ವಚ್ಛವಾಗಿರುವದೂ ಇಲ್ಲ. ಅದನ್ನು ಬೇರೆಯಾಗಿ ಎತ್ತಿ ಇಡಬಹುದು, ಅಷ್ಟೇ.

ಎತ್ತಿ ಇಡುವದು ಎಂಬ ಈ ಮಾತು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ನಮ್ಮ ಆಡೂರು ಹಾನಗಲ್ಲ ತಾಲೂಕಿಗೆ ಸೇರಿದ್ದು. ಎಮ್ಮೆ ಈದ ಮೇಲೆ ಕೆಲವು ದಿನದ ಹಾಲನ್ನು ನಮ್ಮಜ್ಜಿ ಬೇರೆ ಗಡಿಗೆಯಲ್ಲಿ ಹೆಪ್ಪು ಹಾಕುತ್ತಿದ್ದಳು. ಅದರ ಬೆಣ್ಣೆಯನ್ನು ಕಾಸಿ, ತುಪ್ಪವನ್ನು ದೇವರಿಗೆ ಮುಟ್ಟಿಸಿದ ಮೇಲೆಯೇ ಮನೆಯವರು ಆ ಎಮ್ಮೆಯ ಹಾಲು ಹೈನು ಬಳಸಬೇಕು. ಆ ಗಡಿಗೆಯನ್ನು ನೆಲುವಿಗೆ ತೂಗಹಾಕಿರುತ್ತಿದ್ದಳು. ‘ಅದು ಮೀಸಲು, ಮುಟ್ಟಬ್ಯಾಡ’ ಎಂದರೆ ಮುಗಿಯಿತು. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಗಡಿಗೆಯಲ್ಲಿಯ ಹಾಲು ನಾವು ಕುಡಿಯುವ ಹಾಲಿಗಿಂತ ಶುದ್ಧವಾದದ್ದು ಎಂದು ಅಜ್ಜಿ ಎಂದೂ ಹೇಳಲಿಲ್ಲ. ಅದೇ ಕೆಚ್ಚಲು, ಅದೇ ಕೈ. ಆದರೆ ಅದು ನಮ್ಮದಲ್ಲ, ಅಷ್ಟೇ.

ಹರಕೆಯ ದುಡ್ಡನ್ನು ಅರಿಷಿಣದ ಅರಿವೆಯಲ್ಲಿ ಕಟ್ಟಿ ಜಂತಿಗೆ ಸಿಗಿಸುವ ‘ಮುಡಿಪು’ ಕೂಡ ಇದೇ ಜಾತಿಯದು. ಆ ರೂಪಾಯಿ ಅಂಗಡಿಯಲ್ಲಿಯೂ ನಡೆಯುವ ರೂಪಾಯಿಯೇ. ಮನೆಯಲ್ಲಿ ಉಪ್ಪಿಗೆ ಕಾಸಿಲ್ಲದಿದ್ದರೂ ಅದನ್ನು ಬಿಚ್ಚುವದಿಲ್ಲ.

ಹೀಬ್ರೂದ ‘ಕೋದೆಶ್’ ಶಬ್ದಕ್ಕೆ ಕನ್ನಡದಲ್ಲಿ ಅತ್ಯಂತ ಹತ್ತಿರದ ಮಾತು ಈ ‘ಮೀಸಲು’ ಎಂಬದು ನನ್ನ ಅಭಿಪ್ರಾಯ. ಅನುವಾದಕರಿಗೆ ಈ ಮಾತು ಗೊತ್ತಿರಲಿಲ್ಲವೆಂದು ತಿಳಿಯಬಾರದು. ಕಾಣಿಕೆ, ಹರಕೆಗಳ ಪ್ರಸಂಗದಲ್ಲಿ ಸತ್ಯವೇದದಲ್ಲಿ ‘ಮೀಸಲು’ ಅಲ್ಲಲ್ಲಿ ಬರುತ್ತದೆ. ಆದರೆ ದೇವರ ಗುಣವನ್ನಾಗಲಿ, ಜನರು ಹೇಗಿರಬೇಕೆಂಬದನ್ನಾಗಲಿ ಹೇಳುವಾಗ ಅವರು ಸಂಸ್ಕೃತದ ಕಡೆಗೆ ತಿರುಗಿದರು. ‘ಶುದ್ಧ’ವು ಶುಧ್ ಧಾತುವಿನಿಂದ, ‘ಪವಿತ್ರ’ವು ಪೂ ಧಾತುವಿನಿಂದ ಬಂದವು. ಎರಡಕ್ಕೂ ತೊಳೆಯುವದು, ಸೋಸುವದು, ಕೊಳೆ ತೆಗೆಯುವದು ಎಂಬದೇ ಮೂಲಾರ್ಥ. ಕರ್ಮದ ಕಾಲಕ್ಕೆ ಬೆರಳಿಗೆ ಹಾಕಿಕೊಳ್ಳುವ ದರ್ಭೆಯ ಉಂಗುರಕ್ಕೂ ‘ಪವಿತ್ರ’ವೆಂದೇ ಹೆಸರು. ಸಂಸ್ಕೃತ ಶಬ್ದಕ್ಕೆ ಗೌರವ ಹೆಚ್ಚು, ಗ್ರಂಥಕ್ಕೆ ಗಾಂಭೀರ್ಯ ಬರುತ್ತದೆ ಎಂಬ ಎಣಿಕೆ ಅಂದಿನ ಪಂಡಿತರಲ್ಲಿ ಸಹಜವಾಗಿಯೇ ಇದ್ದೀತು. ಎಮ್ಮೆಯ ಹಾಲಿಗೆ ಆಡುವ ಮಾತನ್ನು ಸೃಷ್ಟಿಕರ್ತನಿಗೆ ಹೇಗೆ ಆಡುವದು?

ಆದರೆ ಹೀಗೆ ಮಾಡಿದ್ದರಿಂದ ಬೈಬಲ್ಲಿನಲ್ಲಿ ಬೇರೆಬೇರೆಯಾಗಿದ್ದ ಎರಡು ಗೆರೆಗಳು ಕನ್ನಡದಲ್ಲಿ ಒಂದರ ಮೇಲೊಂದು ಕೂತವು. ಯಾಜಕಕಾಂಡದ ಹತ್ತನೆಯ ಅಧ್ಯಾಯದಲ್ಲಿ ಯಾಜಕರ ಕೆಲಸವೇನೆಂದು ಹೇಳಿದೆ. ಅವರು ಎರಡು ಜೋಡಿಗಳನ್ನು ಗುರುತಿಸಬೇಕು. ಒಂದು ಜೋಡಿ ‘ಕೋದೆಶ್’ ಮತ್ತು ‘ಹೋಲ್’. ಅಂದರೆ ದೇವರದು ಮತ್ತು ಸಾಧಾರಣವಾದದ್ದು. ಇನ್ನೊಂದು ಜೋಡಿ ‘ತಾಹೋರ್’ ಮತ್ತು ‘ತಾಮೇ’; ಅಂದರೆ ಶುದ್ಧವಾದದ್ದು ಮತ್ತು ಅಶುದ್ಧವಾದದ್ದು. ಶುದ್ಧಕ್ಕೆ ಅಲ್ಲಿ ಬೇರೆ ಶಬ್ದವೇ ಇದೆ! ಮನೆಯಲ್ಲಿಯ ಊಟದ ಗಂಗಾಳ ಶುದ್ಧವಾಗಿರುತ್ತದೆ, ಆದರೆ ಸಾಧಾರಣ ಗಂಗಾಳ. ಜಗತ್ತಿನ ಬಹುತೇಕ ವಸ್ತುಗಳು, ಬಹುತೇಕ ಜನರು, ಬಹುತೇಕ ದಿನಗಳು ಹೀಗೆ ಶುದ್ಧವಾದವು ಮತ್ತು ಸಾಧಾರಣವಾದವು. ಅದರಲ್ಲಿ ಅವಮಾನವೇನೂ ಇಲ್ಲ. ಅಶುದ್ಧತೆ ಕೂಡ ಅಲ್ಲಿ ಹೆಚ್ಚಿನ ಸಂದರ್ಭಗಳಲ್ಲಿ ಪಾಪವಲ್ಲ. ಹೆಣವನ್ನು ಹೊತ್ತವನು, ಹಡೆದವಳು, ಚರ್ಮರೋಗ ಬಂದವನು ಅಶುದ್ಧರು. ಕಾಲ ಕಳೆದು ಸ್ನಾನ ಮಾಡಿ ವಿಧಿ ತೀರಿಸಿದ ಮೇಲೆ ಶುದ್ಧರು. ಯಾವ ಕುಲವೂ ಹುಟ್ಟಿನಿಂದ ಸಾಯುವ ತನಕ ‘ತಾಮೇ’ ಎಂದು ಅಲ್ಲಿ ಬರೆದಿಲ್ಲ.

ನಮ್ಮಲ್ಲಿ ‘ಶುದ್ಧ’ ಎಂದೊಡನೆ ಅದರ ಹಿಂದೆ ಮಡಿ ಬರುತ್ತದೆ, ಮಡಿಯ ಹಿಂದೆ ಮೈಲಿಗೆ, ಮೈಲಿಗೆಯ ಹಿಂದೆ ಕೇರಿ. ಕೊಡವರನ್ನು ಕುರಿತು ಎಂ. ಎನ್. ಶ್ರೀನಿವಾಸರು 1952ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥದಲ್ಲಿ ಮಡಿ ಮತ್ತು ಪೊಲೆ ಎಂಬ ಎರಡು ಶಬ್ದಗಳ ಸುತ್ತ ಒಂದು ಸಮಾಜದ ನಡೆವಳಿಕೆಯನ್ನೆಲ್ಲ ಬಿಡಿಸಿ ತೋರಿಸಿದ್ದಾರೆ. ಆ ‘ಪೊಲೆ’ಯೇ ನಮ್ಮ ‘ಹೊಲೆ’. ಆ ಶಬ್ದದಿಂದ ಒಂದು ಜನಾಂಗದ ಹೆಸರನ್ನೇ ಕಟ್ಟಿದ ಭಾಷೆ ನಮ್ಮದು. ಇಂಥ ನೆಲದಲ್ಲಿ ನಿಂತು ‘ನೀವು ಪರಿಶುದ್ಧರಾಗಿರಿ’ ಎಂಬರ್ಥದ ಆಜ್ಞೆಯನ್ನು ಓದುವವನ ಮನಸ್ಸು ಮೊದಲು ಎಲ್ಲಿಗೆ ಹೋಗುತ್ತದೆ? ಬಾವಿಯ ಕಡೆಗೆ. ಯಾರು ಯಾವ ಬಾವಿಯಲ್ಲಿ ನೀರು ಸೇದಬಹುದು ಎಂಬ ಕಡೆಗೆ.

ಆದರೆ ಆ ಆಜ್ಞೆ ಇರುವ ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯವು ಬಾವಿಯ ಕಡೆಗೆ ಹೋಗುವದೇ ಇಲ್ಲ. ಅದು ಹೊಲಕ್ಕೆ ಹೋಗುತ್ತದೆ. ಪೈರನ್ನು ಕೊಯ್ಯುವಾಗ ಹೊಲದ ಅಂಚಿನ ತನಕ ಪೂರ್ತಿ ಕೊಯ್ಯಬಾರದು. ಕೆಳಗೆ ಬಿದ್ದ ತೆನೆಗಳನ್ನು ಒಡೆಯನು ಆರಿಸಿಕೊಳ್ಳಬಾರದು. ಬಡವರಿಗೂ ಪರದೇಶಿಗಳಿಗೂ ಅವನ್ನು ಬಿಡಬೇಕು ಎಂದು ಹೇಳುತ್ತದೆ. ಮುಂದೆ, ಕೂಲಿಯವನ ಕೂಲಿಯನ್ನು ರಾತ್ರಿಯೆಲ್ಲ ಇಟ್ಟುಕೊಂಡು ಮರುದಿನ ಕೊಡಬಾರದು, ಕಿವುಡನನ್ನು ಬೈಯಬಾರದು, ಕುರುಡನ ಮುಂದೆ ಎಡವುಗಲ್ಲು ಇಡಬಾರದು, ತಕ್ಕಡಿಯಲ್ಲಿ ಮೋಸ ಮಾಡಬಾರದು ಎಂದು ಒಂದರ ಹಿಂದೆ ಒಂದು ಬರುತ್ತವೆ. ನಡುನಡುವೆ ಮಿಶ್ರಬೀಜ ಬಿತ್ತಬಾರದು, ಎರಡು ನಮೂನೆಯ ನೂಲಿನ ಬಟ್ಟೆ ಹಾಕಬಾರದು ಎಂಬಂಥ, ಇಂದು ನಮಗೆ ವಿಚಿತ್ರವೆನಿಸುವ ಮಾತುಗಳೂ ಇವೆ. ಆಂಗ್ಲ ವಿದುಷಿ ಮೇರಿ ಡಗ್ಲಸ್ 1966ರ ತಮ್ಮ ಪುಸ್ತಕದಲ್ಲಿ ಈ ಗ್ರಂಥದ ಆಹಾರ ನಿಯಮಗಳನ್ನು ವಿವರಿಸುತ್ತ, ಪ್ರತಿಯೊಂದು ವಸ್ತುವೂ ತನ್ನ ವರ್ಗದಲ್ಲಿ ಪೂರ್ಣವಾಗಿರಬೇಕೆಂಬ ಭಾವನೆ ಅವುಗಳ ಹಿಂದಿದೆ ಎಂದರು. ಮುಂದೆ 1999ರಲ್ಲಿ ಅವರೇ ಅದರ ಹಲವು ಭಾಗಗಳನ್ನು ಮರುವಿಮರ್ಶೆ ಮಾಡಿದರು. ಆ ಚರ್ಚೆ ದೊಡ್ಡದು, ಇಲ್ಲಿ ಬೇಡ.

ಕೆಳಗೆ ಬಿದ್ದ ತೆನೆ ಆಯುವದಕ್ಕೆ ನಮ್ಮ ಕಡೆ ‘ಹಕ್ಕಲ ಆಯುವದು’ ಎನ್ನುತ್ತೇವೆ. ಭತ್ತದ ಕೊಯಿಲಾದ ಮೇಲೆ ನಮ್ಮಜ್ಜಿ ಉಡಿಯಲ್ಲಿ ಹಕ್ಕಲದ ತೆನೆ ತುಂಬಿಕೊಂಡು ಬಂದು ಬಡಿದು ಅಕ್ಕಿ ಮಾಡಿ ನನ್ನ ತಂದೆಯನ್ನು ಸಾಕಿದವಳು. ಕೆಲವು ಹೊಲದವರು ಆಯಗೊಡುತ್ತಿದ್ದರಂತೆ. ಕೆಲವರು ತಮ್ಮ ದನ ಬಿಟ್ಟು ಮೇಯಿಸಿ, ಆಮೇಲೆ ಬನ್ನಿರೆನ್ನುತ್ತಿದ್ದರಂತೆ. ‘ಪರಿಶುದ್ಧ’ ಎಂಬ ಶಬ್ದಕ್ಕೂ ಈ ಉಡಿಯ ತೆನೆಗೂ ಸಂಬಂಧವೇನೆಂದು ಕನ್ನಡದಲ್ಲಿ ಓದಿದರೆ ತಿಳಿಯುವದೇ ಇಲ್ಲ. ಆದರೆ ಹೊಲದ ಅಂಚು ‘ಮೀಸಲು’ ಎಂದು ಓದಿರಿ. ಸಂಬಂಧ ತಟ್ಟನೆ ಕಾಣುತ್ತದೆ. ದೇವರದೆಂದು ಎತ್ತಿಟ್ಟದ್ದನ್ನು ದೇವರು ಬಂದು ಉಣ್ಣುವದಿಲ್ಲ. ಅದು ಬಡವರ ಉಡಿಗೆ ಹೋಗುತ್ತದೆ.

ನಮ್ಮ ಊರಿನ ಕಲ್ಲೂ ಇದನ್ನೇ ಹೇಳುತ್ತದೆ. ಆಡೂರಿನಲ್ಲಿ ಬಾದಾಮಿ ಚಾಲುಕ್ಯರ ಕಾಲದ, ಕೀರ್ತಿವರ್ಮನ ಹೆಸರಿರುವ ಶಾಸನವೊಂದು ದೊರೆತಿದ್ದು, ಅದನ್ನು ಫ್ಲೀಟ್ ಸಾಹೇಬರು ಹತ್ತೊಂಬತ್ತನೆಯ ಶತಮಾನದಲ್ಲಿ ಓದಿ ಪ್ರಕಟಿಸಿದರು. ಅದರ ಒಂದು ಭಾಗ ಸಂಸ್ಕೃತ, ಇನ್ನೊಂದು ಭಾಗ ಹಳಗನ್ನಡ. ಇಲ್ಲಿದ್ದ ಜಿನೇಂದ್ರನ ಗುಡಿಗೂ ಅದರ ದಾನಶಾಲೆಗೂ ಭೂಮಿಯನ್ನು ಬಿಟ್ಟುಕೊಟ್ಟದ್ದು ಅದರ ವಿಷಯ. ದೇವರಿಗೆಂದು ಬಿಟ್ಟ ಹೊಲ, ಆ ಹೊಲದ ಆಧಾರದಿಂದ ನಡೆಯುವ ದಾನಶಾಲೆ. ಆ ಗುಡಿಯವರ ಮತವೂ ಮೋಶೆಯ ಮತವೂ ಒಂದನ್ನೊಂದು ಕೇಳಿಯೂ ಅರಿಯದವು. ಆದರೂ ಇಬ್ಬರೂ ಒಂದೇ ಕೆಲಸ ಮಾಡಿದರು: ಭೂಮಿಯ ಒಂದು ತುಂಡಿನ ಸುತ್ತ ಗೆರೆ ಎಳೆದು, ಇದು ನಮ್ಮದಲ್ಲ ಎಂದರು.

ಇಂಥ ದಾನಶಾಸನಗಳ ಕೊನೆಗೆ ಸಾಮಾನ್ಯವಾಗಿ ಶಾಪ ಇರುವದನ್ನು ಶಾಸನ ಓದಿದವರೆಲ್ಲ ಬಲ್ಲರು. ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ ಭೂಮಿಯನ್ನು ಕಸಿದುಕೊಂಡವನು ಅರವತ್ತು ಸಾವಿರ ವರುಷ ಮಲದ ಹುಳುವಾಗುವನು ಎಂಬದು ಅವುಗಳಲ್ಲಿ ಬಹಳ ಪ್ರಚಾರದಲ್ಲಿರುವ ಶಾಪ. ಹೀಬ್ರೂ ಗ್ರಂಥದಲ್ಲಿಯೂ ಇದಕ್ಕೆ ಜೋಡಿಯಿದೆ. ಯೆರಿಕೋ ಪಟ್ಟಣದ ಲೂಟಿಯನ್ನೆಲ್ಲ ದೇವರಿಗೆ ಬಿಟ್ಟಾಗ ಆಕಾನನೆಂಬವನು ಒಂದು ಬಾಬೆಲಿನ ನಿಲುವಂಗಿ, ಇನ್ನೂರು ಶೆಕೆಲ್ ಬೆಳ್ಳಿ, ಐವತ್ತು ಶೆಕೆಲ್ ತೂಕದ ಬಂಗಾರದ ಗಟ್ಟಿ ಇಷ್ಟನ್ನು ಗುಡಾರದಲ್ಲಿ ಹೂತಿಟ್ಟು, ಅದರಿಂದ ಮನೆಮಂದಿಯೊಡನೆ ನಾಶವಾದನು. ಹಾಗೆ ಬಿಟ್ಟ ವಸ್ತುವಿಗೆ ಅಲ್ಲಿ ‘ಹೆರೆಮ್’ ಎನ್ನುತ್ತಾರೆ. ಅರಬ್ಬಿಯ ‘ಹರಾಮ್’ ಅದೇ ಬೇರಿನದು. ಮುಟ್ಟಬಾರದ್ದು ಎಂಬ ಈ ಭಾರವಾದ ಶಬ್ದವು ನಮ್ಮ ಬಸ್‌ಸ್ಟ್ಯಾಂಡಿಗೆ ಬರುವ ಹೊತ್ತಿಗೆ ‘ಹರಾಮಿ’ ಎಂಬ ಬೈಗಳಾಗಿದೆ!

ಇಷ್ಟು ಹೇಳಿದ ಮೇಲೆ ‘ಮೀಸಲು’ ಎಂಬ ಶಬ್ದವೇ ಸರ್ವದೋಷರಹಿತವೆಂದು ವಾಚಕರು ತಿಳಿಯಬಾರದು. ಎತ್ತಿ ಇಡುವದು ಯಾವಾಗಲೂ ಸನ್ಮಾನವಲ್ಲ. ಲ್ಯಾಟಿನ್ ಭಾಷೆಯ ‘ಸಾಕರ್’ ಶಬ್ದಕ್ಕೆ ದೇವರಿಗೆ ಅರ್ಪಿತವಾದದ್ದು ಎಂದೂ, ಶಾಪಗ್ರಸ್ತನಾದವನು ಎಂದೂ ಎರಡು ಅರ್ಥ. ಹೀಬ್ರೂದಲ್ಲಿ ಅದೇ ಕ-ದ-ಶ ಬೇರಿನಿಂದ ‘ಕೆದೇಶಾ’ ಎಂಬ ಶಬ್ದ ಹುಟ್ಟಿದೆ. ಶಬ್ದಾರ್ಥ ನೋಡಿದರೆ ‘ಮೀಸಲಾದವಳು’. ಧರ್ಮೋಪದೇಶಕಾಂಡದಲ್ಲಿ ಇಸ್ರಾಯೇಲಿನ ಹೆಣ್ಣುಮಕ್ಕಳಲ್ಲಿ ಅಂಥವಳು ಇರಕೂಡದೆಂದು ನಿಷೇಧ ಮಾಡಿದೆ. ಗುಡಿಯ ವೇಶ್ಯೆ ಎಂದು ಹಿಂದಿನವರು ಅರ್ಥ ಮಾಡುತ್ತಿದ್ದರು. ಅವಳ ಕೆಲಸ ನಿಜಕ್ಕೂ ಏನಿತ್ತೆಂಬ ಬಗೆಗೆ ಇಂದಿನ ಪಂಡಿತರಲ್ಲಿ ಒಮ್ಮತವಿಲ್ಲ. ನಮಗೆ ಮಾತ್ರ ಇದು ದೂರದ ಮಾತಲ್ಲ. ಕನ್ನಡದಲ್ಲಿ ‘ಬಿಡು’ ಎಂಬ ಒಂದೇ ಕ್ರಿಯಾಪದವಿದೆ: ಗುಡಿಗೆ ಹೊಲ ಬಿಟ್ಟರು, ದೇವರಿಗೆ ಹೋರಿ ಬಿಟ್ಟರು, ಹುಡುಗಿಯನ್ನು ಬಿಟ್ಟರು. ಮುತ್ತು ಕಟ್ಟಿ ಬಿಟ್ಟ ಹುಡುಗಿಯರ ಗತಿ ಏನಾಯಿತೆಂಬದನ್ನು ಉತ್ತರ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ. ಮುಂಬಯಿ ಪ್ರಾಂತದಲ್ಲಿ 1934ರಲ್ಲಿ ಒಂದು ಕಾಯದೆ, ಕರ್ನಾಟಕದಲ್ಲಿ 1982ರಲ್ಲಿ ಇನ್ನೊಂದು ಕಾಯದೆ ಬರಬೇಕಾಯಿತು. ಹೊಲವನ್ನು ಬಿಡುವವನು ತನ್ನದನ್ನು ಬಿಡುತ್ತಾನೆ. ಹುಡುಗಿಯನ್ನು ಬಿಡುವವರು ಯಾರದನ್ನು ಬಿಡುತ್ತಾರೆ?

ಇನ್ನು ಗ್ರೀಕ ಭಾಷೆಗೆ ಬರೋಣ. ಕ್ರಿಸ್ತಪೂರ್ವ ಮೂರನೆಯ ಶತಮಾನದಿಂದ ಅಲೆಕ್ಸಾಂಡ್ರಿಯದಲ್ಲಿಯ ಯಹೂದ್ಯರು ತಮ್ಮ ಗ್ರಂಥವನ್ನು ಗ್ರೀಕಕ್ಕೆ ತರತೊಡಗಿದಾಗ ಅವರಿಗೂ ನಮ್ಮ ಅನುವಾದಕರಿಗೆ ಬಂದ ಸಂಕಟವೇ ಬಂದಿತು. ಗುಡಿ, ಯಜ್ಞ, ಪೂಜಾರಿಗಳಿಗೆ ಗ್ರೀಕರು ಬಳಸುತ್ತಿದ್ದ ದೊಡ್ಡ ಶಬ್ದ ‘ಹಿಯೆರೊಸ್’. ಶುದ್ಧಕ್ಕೆ ‘ಕಥರೊಸ್’ ಇತ್ತು. ಅವರು ಎರಡನ್ನೂ ಬಿಟ್ಟು, ಅಷ್ಟಾಗಿ ಬಳಕೆಯಲ್ಲಿಲ್ಲದ, ಭಯಭಕ್ತಿಯ ಅರ್ಥವುಳ್ಳ ‘ಹಗಿಯೊಸ್’ ಎಂಬ ಶಬ್ದವನ್ನು ಆರಿಸಿದರು. ಬಹಳ ಜಾಣತನದ ಆಯ್ಕೆ ಎಂದು ನನಗೆ ತೋರುತ್ತದೆ. ಖಾಲಿ ಗಡಿಗೆಯಲ್ಲಿ ತಮ್ಮ ಹಾಲನ್ನು ತುಂಬಿದರು. ಬೇರೆಯವರ ಮಜ್ಜಿಗೆಯ ವಾಸನೆ ಅದಕ್ಕೆ ಹತ್ತಲಿಲ್ಲ.

ಹೊಸ ಒಡಂಬಡಿಕೆಯಲ್ಲಿ ಈ ಶಬ್ದವು ಜನರಿಗೆ ಅನ್ವಯಿಸುವ ರೀತಿ ಸ್ವಾರಸ್ಯವಾದದ್ದು. ಕೊರಿಂಥ ಪಟ್ಟಣದ ಸಭೆಯವರನ್ನು ಪೌಲನು ‘ಹಗಿಯೊಯಿ’ ಎಂದೇ ಸಂಬೋಧಿಸುತ್ತಾನೆ. ಮುಂದೆ ಪತ್ರ ಓದುತ್ತ ಹೋದರೆ ಆ ಜನರ ಸಂಗತಿ ಬಯಲಾಗುತ್ತದೆ: ಪಂಗಡ ಕಟ್ಟಿಕೊಂಡು ಜಗಳಾಡುತ್ತಿದ್ದರು, ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗುತ್ತಿದ್ದರು, ಒಬ್ಬನು ತಂದೆಯ ಹೆಂಡತಿಯನ್ನೇ ಇಟ್ಟುಕೊಂಡಿದ್ದನು, ಸಹಭೋಜನದಲ್ಲಿ ಒಬ್ಬನು ಹಸಿದಿದ್ದರೆ ಇನ್ನೊಬ್ಬನು ಕುಡಿದು ಅಮಲೇರಿರುತ್ತಿದ್ದನು. ಇವರನ್ನು ‘ಪರಿಶುದ್ಧರು’ ಎಂದು ಕರೆದರೆ ಕನ್ನಡದಲ್ಲಿ ಅದು ಕುಚೋದ್ಯದ ಮಾತಾದೀತು. ಬಹುಶಃ ಇದನ್ನು ಅರಿತೇ ಕನ್ನಡ ಅನುವಾದಕರು ಇಂಥಲ್ಲಿ ‘ದೇವಜನರು’ ಎಂಬ ಶಬ್ದವನ್ನು ಬಳಸಿದ್ದಾರೆ. ಆ ಶಬ್ದದಲ್ಲಿ ತೊಳೆಯುವ ಮಾತಿಲ್ಲ, ಯಾರಿಗೆ ಸೇರಿದವರು ಎಂಬ ಮಾತಿದೆ. ಅವರ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದ ಶಬ್ದವಿದು.

ಪರಿಶುದ್ಧವೆಂಬ ಶಬ್ದಕ್ಕೂ ನ್ಯಾಯ ಸಲ್ಲಿಸಬೇಕು. ಬೈಬಲ್ಲಿನಲ್ಲಿ ಶುದ್ಧಿಗೂ ದೇವರಿಗೂ ಸಂಬಂಧವೇ ಇಲ್ಲವೆಂದಲ್ಲ. ಅಶುದ್ಧನಾದವನು ದೇವರ ವಸ್ತುವಿನ ಹತ್ತಿರ ಬರಕೂಡದು. ಆದ್ದರಿಂದ ಶುದ್ಧಿಯು ಬಾಗಿಲು. ಆದರೆ ಬಾಗಿಲನ್ನೇ ಮನೆಯೆಂದು ಕರೆದಂತಾಯಿತು. ಅಲ್ಲದೆ ದೇವರನ್ನೇ ‘ಕಾದೋಶ್’ ಎಂದಾಗ ‘ಮೀಸಲು’ ಎಂಬ ಮಾತು ಹೊಂದುವದಿಲ್ಲ. ದೇವರು ಯಾರಿಗೆ ಮೀಸಲು? ಯೆಶಾಯನ ದರ್ಶನದಲ್ಲಿ ದೇವದೂತರು ಆ ಶಬ್ದವನ್ನು ಮೂರು ಸಲ ಕೂಗಿದಾಗ ಹೊಸ್ತಿಲು ನಡುಗುತ್ತದೆ, ಮನೆಯೆಲ್ಲ ಹೊಗೆ ತುಂಬುತ್ತದೆ. ಜರ್ಮನಿಯ ರುಡಾಲ್ಫ್ ಒಟ್ಟೊ 1917ರಲ್ಲಿ ಬರೆದ ಗ್ರಂಥದಲ್ಲಿ ಈ ಮೈ ನಡುಗಿಸುವ ಅನ್ಯತೆಯನ್ನೇ ಮುಖ್ಯ ಮಾಡಿದ್ದಾರೆ. ನನಗೆ ಹೋಶೇಯ ಪ್ರವಾದಿಯ ಮಾತು ಇನ್ನೂ ಹೆಚ್ಚಿನದೆನಿಸುತ್ತದೆ. ಅಲ್ಲಿ ದೇವರು ತಾನು ಮನುಷ್ಯನಲ್ಲ, ‘ಕಾದೋಶ್’ ಆಗಿದ್ದೇನೆ, ಆದ್ದರಿಂದಲೇ ಸಿಟ್ಟಿನಿಂದ ನಾಶಮಾಡಲು ಬರುವದಿಲ್ಲ ಎಂಬರ್ಥದಲ್ಲಿ ಹೇಳುತ್ತಾನೆ. ಮನುಷ್ಯರಿಂದ ಬೇರೆಯಾಗಿರುವದೆಂದರೆ ಇಲ್ಲಿ ಮನುಷ್ಯರಂತೆ ಸೇಡು ತೀರಿಸದೆ ಇರುವದು.

ಶುದ್ಧಿಯನ್ನೂ ದೇವರನ್ನೂ ಬಿಡಿಸಿ ನೋಡುವ ಯತ್ನ ನಮ್ಮ ನಾಡಿನಲ್ಲಿಯೂ ನಡೆದಿದೆ. ಶರಣರು ಜನನ, ಮರಣ, ಜಾತಿ, ರಜಸ್ಸು, ಉಚ್ಛಿಷ್ಟ ಎಂಬ ಐದು ಸೂತಕಗಳನ್ನು ಅಲ್ಲಗಳೆದರು. ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ಕುಲದ ಪ್ರಶ್ನೆಯನ್ನೇ ತಿರುಗಿಸಿ ಕೇಳಿದರು. ಅದೇ ತಾಲೂಕಿನ ಶಿಶುನಾಳದ ಶರೀಫರು (1819–1889) ಮುಸಲ್ಮಾನರಾಗಿ ಹುಟ್ಟಿ ಬ್ರಾಹ್ಮಣ ಗುರುವಿನ ಶಿಷ್ಯರಾದರು. ಹೊಸ ಒಡಂಬಡಿಕೆಯಲ್ಲಿ ಪೇತ್ರನಿಗೆ ಬಿದ್ದ ಕನಸಿನಂಥ ದರ್ಶನ ಇದಕ್ಕೆ ಹತ್ತಿರದ್ದು. ಆಕಾಶದಿಂದ ಇಳಿದ ಜೋಳಿಗೆಯಲ್ಲಿಯ ಸಕಲ ಪ್ರಾಣಿಗಳನ್ನು ನೋಡಿ ಅವನು ಮೂಗು ಮುರಿದಾಗ, ದೇವರು ಶುದ್ಧಮಾಡಿದ್ದನ್ನು ನೀನು ಹೊಲೆ ಎನ್ನಬೇಡ ಎಂಬ ಅಭಿಪ್ರಾಯದ ಮಾತು ಕೇಳಿಸಿತು. ಆಮೇಲೆ ಅವನು ಪರಜಾತಿಯ ಶತಾಧಿಪತಿಯ ಹೊಸ್ತಿಲು ದಾಟಿ ಒಳಗೆ ಹೋದನು.

ಈಗ ‘ಮೀಸಲು’ ಎಂಬ ಶಬ್ದದ ಇಂದಿನ ಸ್ಥಿತಿಯನ್ನು ಹೇಳದೆ ಮುಂದೆ ಹೋಗಲಾರೆ. ಇಂದು ಈ ಮಾತನ್ನು ಕೇಳಿದವರಿಗೆ ನೆಲುವಿನ ಗಡಿಗೆ ನೆನಪ�ಾಗುವದಿಲ್ಲ, ಮೀಸಲಾತಿ ನೆನಪಾಗುತ್ತದೆ. ನಮ್ಮ ಜಿಲ್ಲೆಯ ರಾಣೆಬೆನ್ನೂರಿನವರಾದ ಎಲ್. ಜಿ. ಹಾವನೂರರ ಆಯೋಗವು 1975ರಲ್ಲಿ ಹಿಂದುಳಿದ ವರ್ಗಗಳನ್ನು ಕುರಿತು ತನ್ನ ವರದಿಯನ್ನು ಒಪ್ಪಿಸಿತು. ಅಂಥ ಪ್ರಯತ್ನಗಳ ಫಲವಾಗಿಯೇ ನಮ್ಮ ಮನೆತನದಲ್ಲಿ ಮೊದಲ ಸಲ ಒಬ್ಬರು ಬಿ. ಎ. ತರಗತಿಯ ತನಕ ಬಂದದ್ದು. ಪ್ರವೇಶದ ಯಾದಿಯಲ್ಲಿ ನನ್ನ ಹೆಸರಿನ ಮುಂದೆ ಒಂದು ಗುರುತು ಇತ್ತು. ಬಸ್ಸಿನಲ್ಲಿ ಒಬ್ಬರು ನನ್ನನ್ನು ಕುರಿತು ಮತ್ತೊಬ್ಬರಿಗೆ ‘ಮೀಸಲದ್ದು’ ಎಂದರು. ಎಮ್ಮೆಯ ಹಾಲಿಗೆ ಆಡಿದಾಗ ಆ ಮಾತಿನಲ್ಲಿ ಭಯವಿತ್ತು, ಗೌರವವಿತ್ತು. ಮನುಷ್ಯರಿಗೆ ಆಡಿದಾಗ ಅದರಲ್ಲಿ ಹಳೆಯ ಮೈಲಿಗೆಯ ದನಿ ಕೇಳಿಸಿತು. ಶಬ್ದ ಅದೇ. ಹೊಲದ ಅಂಚನ್ನು ಬಿಡುವದು ಒಡೆಯನ ಔದಾರ್ಯವೆಂದು ಯಾಜಕಕಾಂಡವು ಎಲ್ಲಿಯೂ ಹೇಳುವದಿಲ್ಲ. ಆ ಅಂಚು ಮೊದಲಿನಿಂದಲೂ ಅವನದಾಗಿರಲಿಲ್ಲ ಎಂಬಂತೆಯೇ ಮಾತಾಡುತ್ತದೆ. ಆ ಅಧ್ಯಾಯವನ್ನು ಓದಿದ ಮೇಲೆ ಬಸ್ಸಿನ ಮಾತು ನನಗೆ ಅಷ್ಟಾಗಿ ಚುಚ್ಚುವದಿಲ್ಲ.

ಕೊನೆಗೆ ಒಂದು ಸ್ಥಳವನ್ನು ಮಾತ್ರ ಹೇಳಿ ಮುಗಿಸುತ್ತೇನೆ. ಮಹಾಯಾಜಕನ ಮುಂಡಾಸದ ಮೇಲೆ, ಹಣೆಯ ಎದುರಿಗೆ, ಒಂದು ಬಂಗಾರದ ತಗಡು ಇರಬೇಕು. ಅದರ ಮೇಲೆ ‘ಕೋದೆಶ್’ ಎಂಬ ಶಬ್ದವನ್ನೂ ದೇವರ ಹೆಸರನ್ನೂ ಮುದ್ರೆಯಂತೆ ಕೊರೆಯಬೇಕು ಎಂದು ವಿಮೋಚನಕಾಂಡದಲ್ಲಿದೆ. ‘ಯೆಹೋವನ ಮೀಸಲು’ ಎಂದು ಕನ್ನಡಿಸಿದರೆ ಚೆನ್ನಾಗಿ ಒಪ್ಪುತ್ತದೆ. ಜೆಕರ್ಯ ಪ್ರವಾದಿಯ ಗ್ರಂಥದ ಕೊನೆಯಲ್ಲಿ ಅದೇ ಬರಹವು ಮತ್ತೆ ಬರುತ್ತದೆ. ಆದರೆ ಯಾಜಕನ ಹಣೆಯ ಮೇಲಲ್ಲ. ಕುದುರೆಗಳ ಗಂಟೆಗಳ ಮೇಲೆ. ಆ ದಿನ ಯೆರೂಸಲೇಮಿನಲ್ಲಿಯೂ ಯೆಹೂದದಲ್ಲಿಯೂ ಇರುವ ಪ್ರತಿಯೊಂದು ಅಡಿಗೆಯ ಗಡಿಗೆಯೂ ದೇವರದಾಗುವದು, ಬಲಿ ಕೊಡಲು ಬಂದವರು ಸಿಕ್ಕ ಗಡಿಗೆಯನ್ನು ತೆಗೆದುಕೊಂಡು ಅದರಲ್ಲಿಯೇ ಬೇಯಿಸುವರು ಎಂದು ಅವನು ಹೇಳುತ್ತಾನೆ. ಇಲ್ಲಿ ‘ಮೀಸಲು’ ಎಂದು ಬರೆದುನೋಡಿದೆ, ನಿಲ್ಲಲಿಲ್ಲ. ಎಲ್ಲ ಗಡಿಗೆಗಳೂ ಮೀಸಲಾದರೆ ಮೀಸಲಲ್ಲದ ಗಡಿಗೆ ಯಾವುದು ಉಳಿಯಿತು? ನೆಲುವಿನಿಂದ ಕೆಳಗಿಳಿಸಿದ ಗಡಿಗೆಗೆ ಕನ್ನಡದಲ್ಲಿ ಬೇರೆ ಹೆಸರಿಲ್ಲ. ಇಲ್ಲಿ ಮಾತ್ರ ಹಳೆಯ ಅನುವಾದಕರ ಹಿಂದೆಯೇ ಹೋಗಿ ‘ಪರಿಶುದ್ಧ’ ಎಂದು ಬರೆಯಬೇಕಾಯಿತು.